ಸ್ಟೆಪ್ನಿ ಇಲ್ಲದ ಕಾರು ನಡುದಾರಿಯಲ್ಲಿ ಪಂಚರ್ ಆದರೆ?

ಪ್ರಶ್ನೆ (ಸಿಂಧನೂರು):
ಅಣ್ಣಾರ, ನಮಸ್ಕಾರ. ಹೊಸ ಕಾರ್ ತಗೊಂಡೀವಿ. ಡಿಕ್ಕಿ ತೆಗದು ನೋಡಿದ್ರ ಸ್ಟೆಪ್ನಿನೂ ಇಲ್ಲ, ಜಾಕೂ ಇಲ್ಲ. ಒಂದು ಸಣ್ಣ ಕಂಪ್ರೆಸರ್, ಒಂದು ಬಾಟ್ಲಿ ಸೀಲಂಟ್ (ತೂತು ಮುಚ್ಚೋ ದ್ರಾವಣ) ಅಷ್ಟೇ ಕೊಟ್ಟಾರ. ಹಿಂಗ ಕೊಡಬಹುದಾ? ವಾರಕ್ಕ ಎರಡು ಸಲ ಸಿರುಗುಪ್ಪ ಮ್ಯಾಲೆ ಬಳ್ಳಾರಿಗೆ ಹೋಗಿ ರಾತ್ರಿ ವಾಪಸ್ ಬರೋದು ಇರ್ತದ. ಪಂಚರ್ ಆದ್ರ ಆ ಬಾಟ್ಲಿ ನಂಬಬಹುದಾ? ಇಲ್ಲಾಂದ್ರ ಹಂಗ ಮೆಲ್ಲಕ ಓಡಿಸ್ಕೊಂಡು ಮುಂದಿನ ಊರು ಮುಟ್ಟಿದ್ರ ನಡೀತದಾ?

ಉತ್ತರ (ಟೈರ್ ಕೆಲಸದವರು, ಬಳ್ಳಾರಿ):
ಕೊನೆಯ ಪ್ರಶ್ನೆಗೇ ಮೊದಲು ಉತ್ತರ: ಓಡಿಸಲೇಬೇಡ್ರಿ. ಗಾಳಿ ಇಳಿದ ಟೈರಿನ ಪಕ್ಕದ ಗೋಡೆ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಒಂದೇ ಸಮ ಮಡಚುತ್ತದೆ, ಕಾಯುತ್ತದೆ, ಒಳಗಿಂದ ಅರೆದುಹೋಗುತ್ತದೆ. ಇಂಥ ಟೈರನ್ನು ರಿಮ್ಮಿನಿಂದ ಬಿಚ್ಚಿದರೆ ಒಳಗೆ ಕಾಫಿಪುಡಿಯಂತಹ ಕಪ್ಪು ರಬ್ಬರ್ ಪುಡಿ ಉದುರುತ್ತದೆ. ಅದು ಕಂಡಿತೆಂದರೆ ಆ ಟೈರ್ ಮುಗಿಯಿತು. ಹೊರಗೆ ತೂತು ಒಂದು ಮುಳ್ಳಿನಷ್ಟೇ ಇದ್ದರೂ ಪ್ರಯೋಜನವಿಲ್ಲ. ಒಂದೆರಡು ಕಿಲೋಮೀಟರ್ ಸಾಕು ಇಷ್ಟಾಗಲಿಕ್ಕೆ. ಲಾರಿಗಳು ಹಾಯುವ ಜಾಗದಿಂದ ತಪ್ಪಿಸಿಕೊಳ್ಳಲು ನೂರಿನ್ನೂರು ಅಡಿ ನಡಿಗೆಯ ವೇಗದಲ್ಲಿ ಸರಿಸುವುದು ಬೇರೆ ಮಾತು. ಅಷ್ಟು ಮಾಡಲೇಬೇಕು.

ಸ್ಟೆಪ್ನಿ ಕೊಡದಿರುವುದು ಕಾನೂನಿಗೆ ವಿರುದ್ಧವಲ್ಲ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮ ತಿದ್ದುಪಡಿಯಾಯಿತು. ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್, ಟೈರಿನ ಗಾಳಿ ತೋರಿಸುವ ಸೆನ್ಸರ್ ಮೂರೂ ಇದ್ದರೆ ಸ್ಟೆಪ್ನಿ ಬೇಕೇಬೇಕು ಅಂತಿಲ್ಲ.

ಸ್ಟೇರಿಂಗ್ ಒಂದು ಕಡೆ ಎಳೆಯಿತು, ಇಲ್ಲವೇ ಸೆನ್ಸರ್ ದೀಪ ಹತ್ತಿತು ಅನ್ನಿ. ಗಬಕ್ಕನೆ ಬ್ರೇಕ್ ಒತ್ತಬೇಡಿ. ಆಕ್ಸಿಲೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದು ಎಡಕ್ಕೆ ಗಟ್ಟಿ ನೆಲಕ್ಕೆ ತನ್ನಿ. ಹಜಾರ್ಡ್ ದೀಪ ಹಾಕಿ, ಕೆಂಪು ಎಚ್ಚರಿಕೆ ತ್ರಿಕೋನವನ್ನು ಕಾರಿನ ಹಿಂದೆ ಕಡಿಮೆಯೆಂದರೆ 50 ಮೀಟರ್ ದೂರ ಇಡಿ. ನಿಮ್ಮ ದಾರಿಯಲ್ಲಿ ಭತ್ತದ ಸುಗ್ಗಿ ಹೊತ್ತಿಗೆ ರಾತ್ರಿ ಹಿಂದೀಪವಿಲ್ಲದ ಟ್ರ್ಯಾಕ್ಟರ್‌ಗಳು ಬರುತ್ತವೆ. ಹೆಂಗಸರು, ಮಕ್ಕಳನ್ನು ಕಾರಿನಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ.

ಆಮೇಲೆ ಟಾರ್ಚ್ ಹಿಡಿದು ತೂತು ಎಲ್ಲಿದೆ ನೋಡಿ. ಮುಂದೆ ಮಾಡುವುದೆಲ್ಲ ಇದರ ಮೇಲೆಯೇ ನಿಂತಿದೆ. ರಸ್ತೆಗೆ ತಾಗುವ ಭಾಗದಲ್ಲಿದ್ದು, 4ರಿಂದ 6 ಮಿಲಿಮೀಟರಿನೊಳಗಿದ್ದರೆ ಅಲ್ಲೇ ಸರಿಮಾಡಬಹುದು. ಪಕ್ಕದ ಗೋಡೆಯಲ್ಲಿ ಅಥವಾ ಗೋಡೆಗೆ ತಿರುಗುವ ಅಂಚಿನಲ್ಲಿದ್ದರೆ ಬಾಟಲಿಯೂ ಬೇಡ, ಸ್ಟ್ರಿಪ್ಪೂ (ತೂತಿಗೆ ತುರುಕುವ ರಬ್ಬರ್ ಎಳೆ) ಬೇಡ.

ಮೊಳೆ ಕಂಡ ಕೂಡಲೇ ಕೀಳಬೇಡಿ. ಮೊಳೆ, ಬಳ್ಳಾರಿ ಜಾಲಿ ಮುಳ್ಳು ಎಷ್ಟೋ ಸಲ ತಾವೇ ತೂತಿಗೆ ಬಿರಡೆಯಾಗಿ ಕೂತು ಗಾಳಿಯನ್ನು ನಿಧಾನಕ್ಕೆ ಬಿಡುತ್ತಿರುತ್ತವೆ. ಬರೀ ಕಂಪ್ರೆಸರ್ ಹಚ್ಚಿ ಗಾಳಿ ತುಂಬಿ ಐದು ನಿಮಿಷ ಕಾಯಿರಿ. ಎರಡು ಮೂರು ಪಿಎಸ್‌ಐಗಿಂತ (ಗಾಳಿಯ ಒತ್ತಡದ ಅಳತೆ) ಹೆಚ್ಚು ಇಳಿಯದಿದ್ದರೆ ಮೊಳೆ ಇದ್ದಂತೆಯೇ 50ರ ವೇಗದಲ್ಲಿ ಹೊರಡಿ. ಪ್ರತಿ ಹತ್ತು ಕಿಲೋಮೀಟರಿಗೆ ನಿಲ್ಲಿಸಿ ನೋಡಿ, ಇಳಿದಿದ್ದರೆ ಮತ್ತೆ ತುಂಬಿ. ಬಾಟಲಿ ಬಿಚ್ಚುವ ಗೊಡವೆಯೇ ಬೇಕಿಲ್ಲ.

ಗಾಳಿ ನಿಲ್ಲದಿದ್ದರೆ ಮಾತ್ರ ಸೀಲಂಟ್. ಇಂಜಿನ್ ಚಾಲೂ ಇರಲಿ, ಇಲ್ಲವಾದರೆ ಬ್ಯಾಟರಿ ಇಳಿಯುತ್ತದೆ. ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ ಕಂಪ್ರೆಸರಿಗೆ ಕೂರಿಸಿ, ಪೈಪನ್ನು ಟೈರಿಗೆ ಗಾಳಿ ತುಂಬುವ ವಾಲ್ವ್‌ಗೆ ತಿರುಗಿಸಿ. ಆನ್ ಮಾಡಿದ ಅರ್ಧ ನಿಮಿಷ ಮೀಟರ್ 70-80 ಪಿಎಸ್‌ಐ ತನಕ ಏರಬಹುದು. ಅದು ದಪ್ಪ ದ್ರಾವಣ ಪೈಪಿನಲ್ಲಿ ಹಾಯುವ ಒತ್ತಡ, ಟೈರಿನದ್ದಲ್ಲ. ಗಾಬರಿಯಾಗಿ ಆಫ್ ಮಾಡಿದರೆ ಅರ್ಧ ಸೀಲಂಟ್ ಪೈಪಿನಲ್ಲೇ ಉಳಿಯುತ್ತದೆ. ಹತ್ತು ನಿಮಿಷದೊಳಗೆ 26 ಪಿಎಸ್‌ಐ ಮುಟ್ಟದಿದ್ದರೆ ಪೈಪ್ ತೆಗೆದು ಕಾರನ್ನು ಹತ್ತು ಮೀಟರ್ ಹಿಂದೆ ಮುಂದೆ ಆಡಿಸಿ, ಕಂಪ್ರೆಸರ್ ಆರಿದ ಮೇಲೆ ಇನ್ನೊಮ್ಮೆ ತುಂಬಿ. ಆಗಲೂ ಏರಲಿಲ್ಲವೆಂದರೆ ತೂತು ದೊಡ್ಡದು, ಬಿಟ್ಟುಬಿಡಿ.

ಏರಿದರೆ ತಕ್ಷಣ ಹೊರಡಿ. ಇಲ್ಲೇ ಬಹಳ ಜನ ತಪ್ಪುತ್ತಾರೆ. ಗಾಳಿ ತುಂಬಿ ಚಹಾ ಕುಡಿಯುತ್ತ ನಿಂತರೆ ಸೀಲಂಟ್ ಎಲ್ಲ ಟೈರಿನ ತಳದಲ್ಲಿ ಕೂರುತ್ತದೆ, ತೂತಿಗೆ ಹೋಗುವುದಿಲ್ಲ. ಚಕ್ರ ತಿರುಗಿದರೆ ಮಾತ್ರ ಅದು ಹರಡಿ ತೂತು ಮುಚ್ಚುತ್ತದೆ. 80 ಮೀರದೆ ಐದರಿಂದ ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ ಒತ್ತಡ ನೋಡಿ. 19 ಪಿಎಸ್‌ಐಗಿಂತ ಕೆಳಗಿದ್ದರೆ ಮುಂದೆ ಹೋಗಬೇಡಿ. ಅದಕ್ಕಿಂತ ಮೇಲಿದ್ದರೆ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟು ತುಂಬಿ ಹತ್ತಿರದ ಪಂಚರ್ ಅಂಗಡಿಗೆ ಹೋಗಿ. ಒಳಗೆ ಸೀಲಂಟ್ ಇದೆ ಅಂತ ಅಂಗಡಿಯವರಿಗೆ ಮೊದಲೇ ಹೇಳಿ, ನೀರಿನಲ್ಲಿ ತೊಳೆಸಿ. ಸೆನ್ಸರಿನ ಸಣ್ಣ ತೂತಿನಲ್ಲಿ ಅದು ಗಟ್ಟಿಯಾದರೆ ಸೆನ್ಸರ್ ತಪ್ಪು ತೋರಿಸುತ್ತದೆ.

ಪ್ರಶ್ನೆ (ಗಂಗಾವತಿ):
ಸರ, ಬೈಕಿನವ್ರು ಇಟ್ಕೊಳ್ತಾರಲ್ಲ, ಸ್ಟ್ರಿಪ್ ಕಿಟ್, ಅದು ಕಾರಿಗೂ ನಡೀತೈತೇನ್ರಿ? ಚಕ್ರ ಬಿಚ್ಚದನ ಹಾಕಬಹುದಾ?

ಉತ್ತರ (ಟೈರ್ ಕೆಲಸದವರು, ಬಳ್ಳಾರಿ):
ನಡೆಯುತ್ತದೆ. ನನ್ನನ್ನು ಕೇಳಿದರೆ ಬಾಟಲಿಗಿಂತ ಅದೇ ಮೇಲು. ಮುಂದಿನ ಚಕ್ರವಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಹಿಂದಿನದಾದರೆ ಮೊಳೆ ಹಿಂಬದಿಗೆ ಕೈಗೆ ಸಿಗುವಂತೆ ಕಾರನ್ನು ತುಸು ಸರಿಸಿ. ಸ್ಟ್ರಿಪ್ ಹಾಕುವ ಮೊದಲು ಕಂಪ್ರೆಸರಿನಿಂದ ಸ್ವಲ್ಪ ಗಾಳಿ ತುಂಬಿ, ಟೈರ್ ಬಿಗಿಯಾಗಿದ್ದರೆ ಒತ್ತಲು ಸಲೀಸು. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ನೋಡಿಕೊಂಡು ಇಕ್ಕಳದಿಂದ ಕೀಳಿ. ಅದೇ ಓರೆಯಲ್ಲಿ ಅರದಂತಹ ಉಪಕರಣವನ್ನು ಹತ್ತಾರು ಸಲ ಒಳಗೆ ಹೊರಗೆ ಎಳೆಯಿರಿ. ನೆಟ್ಟಗೆ ಚುಚ್ಚಿದರೆ ಇನ್ನೊಂದು ತೂತಾಗುತ್ತದೆ. ಸ್ಟ್ರಿಪ್ಪನ್ನು ಸೂಜಿಗೆ ನಡುವಿಗೆ ಪೋಣಿಸಿ, ಅಂಟು ಸವರಿ, ಎರಡು ತುದಿ ಒಂದೂವರೆ ಸೆಂಟಿಮೀಟರ್ ಹೊರಗುಳಿಯುವ ತನಕ ಒತ್ತಿ, ಸೂಜಿಯನ್ನು ತಿರುಚದೆ ಒಂದೇ ಏಟಿಗೆ ಎಳೆಯಿರಿ. ಹೊರಗುಳಿದದ್ದನ್ನು 3 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಗಾಳಿ ತುಂಬಿ ಸೋಪಿನ ನೀರು ಹಾಕಿ, ಗುಳ್ಳೆ ಬಂದರೆ ಇನ್ನೊಂದು ಸ್ಟ್ರಿಪ್. ಊರು ಮುಟ್ಟಿದ ಮೇಲೆ ಟೈರ್ ಬಿಚ್ಚಿಸಿ ಒಳಗಿಂದ ಮಶ್ರೂಮ್ ಪ್ಯಾಚ್ (ಅಣಬೆಯಾಕಾರದ ರಬ್ಬರ್ ತೇಪೆ) ಹಾಕಿಸಿದರೆ ಅದು ಪಕ್ಕಾ ಕೆಲಸ.

ಕಂಪ್ರೆಸರ್ ಬೇರೆ ಕೊಳ್ಳುವುದಾದರೆ ಎಷ್ಟು ಆಂಪಿಯರ್ ಎಳೆಯುತ್ತದೆ ನೋಡಿ. ಕಾರಿನ ಚಾರ್ಜಿಂಗ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10 ಇಲ್ಲವೇ 15 ಆಂಪಿಯರಿನದು. ದೊಡ್ಡದು ಹಚ್ಚಿದರೆ ಫ್ಯೂಸ್ ಹಾರಿ, ಪಂಚರಿನ ಜೊತೆ ಅದೊಂದು ತಲೆನೋವು. ಬ್ಯಾಟರಿಗೇ ಕ್ಲಿಪ್ ಹಚ್ಚುವಂಥದ್ದಾದರೆ ಆ ಚಿಂತೆಯಿಲ್ಲ.

ಪ್ರಶ್ನೆ (ಕುಷ್ಟಗಿ):
ಟೈರಿನ ಪಕ್ಕಾನ ಸೀಳಿದ್ರ? ಹೈವೇದಾಗ ಕಲ್ಲು ಬಡದು ಹಂಗಾಗೋದು ಐತಿ. ಆವಾಗ ಯಾರನ್ನ ಕರೀಬೇಕ್ರಿ?

ಉತ್ತರ (ಬ್ರೇಕ್‌ಡೌನ್ ಗಾಡಿಯವರು, ಕೊಪ್ಪಳ):
ರಾಷ್ಟ್ರೀಯ ಹೆದ್ದಾರಿ 50, 67ರಂಥ ರಸ್ತೆಯಾದರೆ 1033ಕ್ಕೆ ಫೋನ್ ಮಾಡಿ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಕಡೆಗೆ ಹೋಗುವ ಪಥ ಎರಡನ್ನೂ ಹೇಳಿ, ಹುಡುಕುವ ಹೊತ್ತು ಉಳಿಯುತ್ತದೆ. ಕಾರಿನ ವಿಮೆಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯೇ ಅಂತ ಈಗಲೇ ಪಾಲಿಸಿ ತೆಗೆದು ನೋಡಿ, ಆ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಎಲೆಕ್ಟ್ರಿಕ್ ಕಾರಾದರೆ ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಗಾಡಿಯೇ ಬೇಕು ಎನ್ನಿ. ಹಗ್ಗ ಕಟ್ಟಿ ಎಳೆಸಿದರೆ ಮೋಟಾರಿಗೆ ಪೆಟ್ಟು.

ಚಕ್ರ ಬಿಚ್ಚಿ ಬೈಕಿನ ಮೇಲೆ ಅಂಗಡಿಗೆ ಒಯ್ಯುವುದೂ ಒಂದು ದಾರಿ, ಆದರೆ ಜಾಕ್, ವೀಲ್ ಪಾನಾ ನಿಮ್ಮದೇ ಇರಬೇಕು. ಅಲಾಯ್ ಚಕ್ರಕ್ಕೆ ಲಾಕ್ ನಟ್ ಇದ್ದರೆ ಅದರ ಕೀ ಕೂಡ. ನಮ್ಮ ಎರೆನೆಲದಲ್ಲಿ ಮಳೆಯಾದ ಮೇಲೆ ರಸ್ತೆ ಬದಿಗೆ ಜಾಕ್ ಇಟ್ಟರೆ ಕಾರು ಏಳುವ ಬದಲು ಜಾಕ್ ಇಳಿಯುತ್ತದೆ. ಒಂದಡಿ ಚದರದ, ಒಂದಿಂಚು ದಪ್ಪದ ಹಲಗೆ ಡಿಕ್ಕಿಯಲ್ಲಿರಲಿ. ಎದುರು ಚಕ್ರಕ್ಕೆ ಕಲ್ಲು ಕೊಟ್ಟು, ಕಾರು ಎತ್ತುವ ಮೊದಲೇ ನಟ್ ಸಡಿಲಿಸಿ. ಚಕ್ರ ಬರುವ ತನಕ ಯಾರೂ ಕಾರಿನೊಳಗೆ ಕೂರಬಾರದು, ಕೆಳಗೆ ಕೈ ಹಾಕಬಾರದು.

ಪ್ರಶ್ನೆ (ರಾಯಚೂರು):
ಬ್ಯಾಸಗಿ ಬಿಸಿಲಿಗೆ ಡಿಕ್ಕ್ಯಾಗಿನ ಬಾಟ್ಲಿ ಕೆಡ್ತದಾ? ಮತ್ತ ಬಿಸಿಲಾಗ ಗಾಳಿ ಕಡಿಮಿ ಹೊಡಿಸ್ಬೇಕು ಅಂತಾರ, ಖರೇನಾ?

ಉತ್ತರ (ಟೈರ್ ಕೆಲಸದವರು, ಬಳ್ಳಾರಿ):
ಅಕ್ಕಾರ, ಕಡಿಮೆ ಹೊಡೆಸಬೇಡಿ. ಬಿಸಿಗೆ ಗಾಳಿ ಹಿಗ್ಗುವುದು ನಿಜ, ಹತ್ತು ಡಿಗ್ರಿಗೆ ಹತ್ತಿರಹತ್ತಿರ ಒಂದೂವರೆ ಪಿಎಸ್‌ಐ. ಸ್ಟಿಕ್ಕರಿನ ಲೆಕ್ಕ ತಣ್ಣಗಿನ ಟೈರಿನದು, ಹಿಗ್ಗುವುದನ್ನು ಮೊದಲೇ ಎಣಿಸಿ ಬರೆದದ್ದು. ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಹೆಚ್ಚು ಮಡಚಿ, ಹೆಚ್ಚು ಕಾಯ್ದು ಸಿಡಿಯುವುದೇ ಜಾಸ್ತಿ. ಬೆಳಿಗ್ಗೆ ಕಾರು ತೆಗೆಯುವ ಮುಂಚೆ ನೋಡಿಸಿ, ಓಡಿಸಿ ಬಂದ ಟೈರಿನ ಗಾಳಿ ಬಿಡಬೇಡಿ.

ಬಾಟಲಿಗೆ ಅವಧಿ ಇದೆ, ಸಾಮಾನ್ಯವಾಗಿ ನಾಲ್ಕು ವರ್ಷ. ದಿನಾಂಕ ಅದರ ಮೇಲೆಯೇ ಅಚ್ಚಾಗಿರುತ್ತದೆ. ಹಳೆಯದು ಗಡ್ಡೆಗಟ್ಟಿ ಪೈಪಿನಲ್ಲೇ ನಿಲ್ಲುತ್ತದೆ. ಒಮ್ಮೆ ಬಳಸಿದ ಬಾಟಲಿ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಪೈಪನ್ನೂ ಸೇರಿಸಿ ಹೊಸದು ತರಿಸಿಕೊಳ್ಳಿ.