ಹಡಗು ದಡ ಮುಟ್ಟದ ದಿನಕ್ಕೆ ಏನನ್ನೋಣ?

ದೊಡ್ಡ ಪ್ರವಾಸಿ ಹಡಗು ಯಾವ ಬಂದರಿಗೂ ಹೋಗದೆ ಇಡೀ ದಿನ ನೀರಿನ ಮೇಲೇ ಸಾಗಿದರೆ ಅದನ್ನು ‘ಸೀ ಡೇ’ ಅನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಬೇಕಾಗಿದೆ. ಇಂಥ ಹಡಗಿನ ಅಡುಗೆಮನೆಯಲ್ಲಿ ದುಡಿಯುವ ಕಾರವಾರದ ಹುಡುಗನೊಬ್ಬ ಹೇಳಿದ ಅನುಭವಗಳನ್ನು ಬರೆದಿಡುತ್ತಿದ್ದೇನೆ. ಅವನ ಮಾತಿನಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ.

‘ಸಾಗರ ದಿನ’ ಬೇಡ. ಜೂನ್ 8 ವಿಶ್ವ ಸಾಗರ ದಿನ, ಓದುವವರು ಅದನ್ನೇ ನೆನೆಯುತ್ತಾರೆ. ಶಿರಸಿ ಕಡೆಯವರಿಗಂತೂ ಸಾಗರ ಅಂದರೆ ಮೊದಲು ಊರು. ‘ವಿಹಾರ’ವೂ ಸಾಲದು. ಕಾಳಿ ನದಿಯಲ್ಲಿ ದೋಣಿ ವಿಹಾರ ಅಂದರೆ ಸುಮ್ನೆ ಒಂದು ಸುತ್ತು ಹೋಗಿ ಬರುವುದು. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ಕ್ವೀನ್ ಮೇರಿ 2 ಹಡಗಿಗೆ ಸಾಮಾನ್ಯವಾಗಿ 7 ರಾತ್ರಿ ಬೇಕು. ಪಶ್ಚಿಮಕ್ಕೆ ಸಾಗುವುದರಿಂದ ದಾರಿಯಲ್ಲಿ ಗಡಿಯಾರವನ್ನು ಒಂದೊಂದೇ ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂಥ ದಿನಕ್ಕೆ 25 ಗಂಟೆ! ತಡವಾಗಿ ಏಳುವುದು, ಡೆಕ್ಕಿನ ಮೇಲೆ ಕುರ್ಚಿ ಎಳೆದುಕೊಂಡು ಓದುವುದು, ಹಸಿವಾದಾಗ ತಿನ್ನುವುದು, ಮಧ್ಯಾಹ್ನ ಮತ್ತೊಂದು ನಿದ್ದೆ.

ಹಾಗಾದರೆ ‘ಆರಾಮದ ದಿನ’ ಅನ್ನಬಹುದಲ್ವಾ ಎಂದು ಗೆಳೆಯರೊಬ್ಬರು ಕೇಳಿದರು. ಆದರೆ ನಮ್ಮ ಜಿಲ್ಲೆಯಲ್ಲಿ ‘ಆರಾಮಾ?’ ಎಂದು ಕೇಳುವುದು ಆರೋಗ್ಯ ವಿಚಾರಿಸುವಾಗ. ‘ಆರಾಮಿಲ್ಲ’ ಅಂದರೆ ಮೈ ಸರಿಯಿಲ್ಲ. ‘ಹಡಗಿನಲ್ಲಿ ಆರಾಮಿದ್ದೆ’ ಎಂದು ಬರೆದರೆ ಇಲ್ಲಿನವರು ತಲೆಸುತ್ತು, ವಾಂತಿ ಏನೂ ಆಗಲಿಲ್ಲ ಎಂದೇ ತಿಳಿಯುತ್ತಾರೆ. ಬೆಂಗಳೂರಿನವರು ಕಾಲು ಚಾಚಿ ಕೂತಿದ್ದ ಅಂದುಕೊಳ್ಳಬಹುದು.

‘ಪುರುಸೊತ್ತಿನ ದಿನ’, ‘ಬಿಡುವಿನ ದಿನ’ ಕೇಳಲು ಹಿತವಾಗಿವೆ. ಆದರೂ ನನಗೆ ಒಪ್ಪಿಗೆಯಿಲ್ಲ. ಬಿಡುವು ಯಾರಿಗೆ? ಬಂದರು ಸಿಕ್ಕಿದ ದಿನ ಪ್ರಯಾಣಿಕರು ಊರು ನೋಡಲು ಇಳಿಯುತ್ತಾರೆ, ಹಡಗು ಅರ್ಧ ಖಾಲಿ. ಕೆಲಸದವರಲ್ಲಿ ಕೆಲವರಿಗೂ ಒಂದೆರಡು ಗಂಟೆ ನೆಲದ ಮೇಲೆ ಓಡಾಡಲು ಸಿಗುತ್ತದೆ. ಬಂದರಿಲ್ಲದ ದಿನ ಎಲ್ಲರೂ ಒಳಗೇ. ಊಟದ ಸಾಲು ಮುಗಿಯುವುದಿಲ್ಲ. ಬಂದರಿನಲ್ಲಿ ಸಾಮಾನ್ಯವಾಗಿ ಮುಚ್ಚಿರುವ ಅಂಗಡಿ, ಕ್ಯಾಸಿನೊಗಳೂ ಆ ದಿನ ತೆರೆದಿರುತ್ತವೆ. ಪ್ರಯಾಣಿಕರ ಪುರುಸೊತ್ತೇ ಈ ಹುಡುಗನಿಗೆ ಜಾಸ್ತಿ ಕೆಲಸ. ನಮ್ಮ ಕರಾವಳಿಯಿಂದ ಹಡಗು ಹತ್ತುವವರಲ್ಲಿ ದುಡಿಯಲು ಹೋಗುವವರೂ ಇದ್ದಾರೆ. ಅವರ ಬಾಯಲ್ಲಿ ಸುಳ್ಳಾಗುವ ಪದ ನಮಗೆ ಬೇಡ.

ಆದ್ದರಿಂದ ಪದ ಹಡಗು ಎಲ್ಲಿದೆ ಎಂದಷ್ಟೇ ಹೇಳಲಿ, ಸುಖದ ಮಾತು ಅದಕ್ಕೆ ಬೇಡ. ನನ್ನ ಒಲವು ‘ನಡುಗಡಲ ದಿನ’ದ ಕಡೆಗೆ. ಕೂರ್ಮಗಡ, ದೇವಗಡಗಳನ್ನು ನಡುಗಡ್ಡೆ ಅನ್ನುವ ನಮಗೆ ನಡುಗಡಲು ಹೊಸದೆನಿಸದು. ‘ನಾಳೆ ನಡುಗಡಲು, ಬೆಳಿಗ್ಗೆ ಬೇಗ ಏಳಬೇಕು’ ಎಂದು ಅವನು ಹೇಳಿದರೂ ಸರಿ, ‘ನಾಳೆ ನಡುಗಡಲು, ಎಬ್ಬಿಸಬೇಡಿ’ ಎಂದು ಪ್ರಯಾಣಿಕರು ಹೇಳಿದರೂ ಸರಿ. ಒಂದು ಅಡ್ಡಿ ಇದೆ. ಹಡಗು ದಡ ಕಾಣುವಷ್ಟು ಹತ್ತಿರ ಸಾಗುತ್ತಿದ್ದರೂ ಅದು ಸೀ ಡೇಯೇ. ಆಗ ‘ನಡು’ ಹೊಂದುವುದಿಲ್ಲ. ‘ದಡ ಮುಟ್ಟದ ದಿನ’ ಹೆಚ್ಚು ಖಚಿತ, ಆದರೆ ಮಾತಿನಲ್ಲಿ ಉದ್ದವಾಯಿತು.

ಆಳ ಸಮುದ್ರಕ್ಕೆ ಹೋಗುವ ನಮ್ಮ ಮೀನುಗಾರಿಕೆ ಬೋಟುಗಳೂ ದಿನಗಟ್ಟಲೆ ದಡಕ್ಕೆ ಬರುವುದಿಲ್ಲ. ಆ ದಿನಗಳಿಗೆ ಬೋಟು ನಡೆಸುವ ತಾಂಡೇಲರು, ಅದರಲ್ಲಿ ದುಡಿಯುವ ಖಲಾಸಿಗಳು ಏನಾದರೂ ಹೆಸರು ಬಳಸುತ್ತಾರೆಯೇ? ಬೈತಖೋಲ, ತದಡಿ, ಹೊನ್ನಾವರ, ಭಟ್ಕಳದ ಕಡೆ ಕೇಳಿದವರು ತಿಳಿಸಿ. ಕೊಂಕಣಿ ಪದವಾದರೂ ಪರವಾಗಿಲ್ಲ.