ಆರು ಗಂಟೆ ಓಡಿಸಿದರೂ ಟ್ರೇಲರ್ ಬ್ಯಾಟರಿ ತುಂಬುತ್ತಿಲ್ಲ, ಮೀಟರ್ ಮಾತ್ರ ಎಲ್ಲ ಸರಿ ಎನ್ನುತ್ತದೆ

ಪ್ರಶ್ನೆ:
ನಮಸ್ಕಾರ. ನಾವು ಗಾಡಿಯ ಹಿಂದೆ ಮಲಗುವ ಟ್ರೇಲರ್ ಕಟ್ಟಿಕೊಂಡು ಓಡಾಡುವವರು. ಟ್ರೇಲರಿನಲ್ಲಿ 100 ಆಂಪಿಯರ್ ಅವರ್ ಲೆಡ್ ಆಸಿಡ್ ಬ್ಯಾಟರಿ ಇದೆ, ಗಾಡಿ ಓಡುವಾಗ ಅದರ ಇಂಜಿನ್ನಿನಿಂದ ವೈರಿನ ಮೂಲಕ ತುಂಬಬೇಕು. ಲೈಟು, ನೀರಿನ ಪಂಪು, ಸಣ್ಣ ಕಂಪ್ರೆಸರ್ ಫ್ರಿಜ್ಜು ಅದರಲ್ಲೇ ನಡೆಯಬೇಕು. ಅಮ್ಮನ ಇನ್ಸುಲಿನ್ ಇರುವುದು ಆ ಫ್ರಿಜ್ಜಿನಲ್ಲಿ.

ಮೊನ್ನೆ ಆರು ಗಂಟೆ ಓಡಿಸಿ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ಯಾಟರಿ 12.2 ವೋಲ್ಟ್, ಅಂದರೆ ಸುಮಾರು ಅರ್ಧ ಮಾತ್ರ ತುಂಬಿದೆ. ಬೆಳಗಿನ ಜಾವ ಫ್ರಿಜ್ಜು ತಾನೇ ನಿಂತುಹೋಗಿ ಕೆಂಪು ದೀಪ ಮಿನುಗುತ್ತಿತ್ತು. ಅದನ್ನು ನೋಡಿ ಎದೆ ಧಸಕ್ಕೆಂದಿತು.

ಪ್ಲಗ್ ಬಿಚ್ಚಿ, ಇಂಜಿನ್ ಚಾಲೂ ಮಾಡಿ, ಟ್ರೇಲರಿಗೆ ಕರೆಂಟ್ ಕೊಡುವ ಗಾಡಿಯ ಏಳು ಪಿನ್ನಿನ ಸಾಕೆಟ್ಟಿಗೆ ಮಲ್ಟಿಮೀಟರ್ ಹಿಡಿದೆ. 13.9 ವೋಲ್ಟ್ ಬಂತು. ಫ್ಯೂಸು ಸರಿ ಇದೆ. ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ. ಅದೇ ಕಥೆ. ಎಲ್ಲಿ ನೋಡಬೇಕು?

ಉತ್ತರ 1:
ಇಂಜಿನ್ ಆಫ್ ಮಾಡಿದಾಗಲೂ ಸಾಕೆಟ್ಟಿಗೆ ಕರೆಂಟ್ ಬರುತ್ತದಾ? ಬಂದರೆ ರಿಲೇ (ಇಂಜಿನ್ ನಿಂತಾಗ ಸಂಪರ್ಕ ಕಡಿಯುವ ಸ್ವಿಚ್ಚು) ಇಲ್ಲ, ಇಲ್ಲವೇ ಕೆಟ್ಟಿದೆ ಎಂದರ್ಥ. ಆಗ ಫ್ರಿಜ್ಜು ರಾತ್ರಿಯೆಲ್ಲ ಗಾಡಿಯ ಬ್ಯಾಟರಿಯನ್ನೂ ಹೀರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ.

ಪ್ರಶ್ನೆ ಕೇಳಿದವರು:
ಆಫ್ ಮಾಡಿದರೆ ಬರುವುದಿಲ್ಲ ಸರ್. ರಿಲೇ ಟಕ್ ಎನ್ನುವುದು ಕೇಳಿಸುತ್ತದೆ.

ಉತ್ತರ 2:
ಆ 13.9 ನಂಬಬೇಡಿ. ಪ್ಲಗ್ ಬಿಚ್ಚಿ ಅಳೆದಿದ್ದೀರಿ, ಅಂದರೆ ಲೋಡ್ ಇಲ್ಲ, ಕರೆಂಟ್ ಹರಿಯುತ್ತಿಲ್ಲ. ವೈರಿನ ಹತ್ತು ಎಳೆಯಲ್ಲಿ ಒಂಬತ್ತು ತುಂಡಾಗಿದ್ದರೂ ಆಗ ಪೂರ್ತಿ ವೋಲ್ಟ್ ತೋರಿಸುತ್ತದೆ. ಕರೆಂಟ್ ಹರಿಯುವಾಗ ಎಷ್ಟು ಉಳಿಯುತ್ತದೆ ಅನ್ನುವುದೇ ಮುಖ್ಯ, ಅಲ್ವಾ?

ಟ್ರೇಲರ್ ಜೋಡಿಸಿ, ಇಂಜಿನ್ ಓಡಲಿ. ಮೊದಲು ಗಾಡಿಯ ಬ್ಯಾಟರಿ ಮೇಲೆ ಅಳೆಯಿರಿ, ಆಮೇಲೆ ಟ್ರೇಲರ್ ಬ್ಯಾಟರಿ ಮೇಲೆ. ಎರಡರ ವ್ಯತ್ಯಾಸ ದಾರಿಯಲ್ಲಿ ಸೋರಿದ್ದು. ಇನ್ನು ಅದು ಯಾವ ಕಡೆ ಅಂತ ಹುಡುಕಬೇಕು. ಮೀಟರಿನ ಒಂದು ಕಡ್ಡಿಗೆ ಉದ್ದ ವೈರ್ ಕಟ್ಟಿ, ಗಾಡಿ ಬ್ಯಾಟರಿಯ ಮೈನಸ್ಸಿನಿಂದ ಟ್ರೇಲರ್ ಬ್ಯಾಟರಿಯ ಮೈನಸ್ಸಿಗೆ ನೇರ ಹಿಡಿಯಿರಿ. ಅಲ್ಲಿ ಬರುವ ವೋಲ್ಟ್ ಪೂರ್ತಿ ನಷ್ಟ. ಪ್ಲಸ್ಸಿನಿಂದ ಪ್ಲಸ್ಸಿಗೂ ಹಾಗೇ ಮಾಡಿ. ಜಾಸ್ತಿ ಜನ ಪ್ಲಸ್ ವೈರನ್ನೇ ತಡಕಾಡುತ್ತಾರೆ, ಮೈನಸ್ಸನ್ನು ಮುಟ್ಟಿಯೂ ನೋಡುವುದಿಲ್ಲ.

ಇನ್ಸುಲಿನ್ ಸದ್ಯಕ್ಕೆ ಐಸ್ ಡಬ್ಬಿಯಲ್ಲಿಡಿ, ಆದರೆ ಐಸಿಗೆ ತಾಗದ ಹಾಗೆ ಬಟ್ಟೆ ಸುತ್ತಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸಬಾರದು.

ಪ್ರಶ್ನೆ ಕೇಳಿದವರು:
ಅಳೆದೆ. ಗಾಡಿ ಬ್ಯಾಟರಿ 14.1, ಟ್ರೇಲರ್ ಬ್ಯಾಟರಿ 12.6. ಪ್ಲಸ್ ಕಡೆ 0.6, ಮೈನಸ್ ಕಡೆ 0.9!

ಟ್ರೇಲರಿನ ಅಡಿ ಮಲಗಿ ನೋಡಿದೆ. ಮೈನಸ್ ವೈರಿನ ಲಗ್ಗನ್ನು (ವೈರಿನ ತುದಿಯ ಲೋಹದ ಬಳೆ) ಚಾಸಿಸ್ಸಿನ ಬಣ್ಣದ ಮೇಲೇ ಬೋಲ್ಟ್ ಹಾಕಿ ಬಿಗಿದಿದ್ದರು. ಸುತ್ತ ತುಕ್ಕು, ಲಗ್ಗಿನೊಳಗೆ ಹಸಿರು ಪುಡಿ. ಮುಟ್ಟಿದರೆ ಬೆಚ್ಚಗಿತ್ತು. ಬಿಚ್ಚಿ, ಸ್ಯಾಂಡ್ ಪೇಪರಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಹೊಸ ಲಗ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದೆ. ಈಗ ಮೈನಸ್ ಕಡೆ 0.3. ಟ್ರೇಲರ್ ಬ್ಯಾಟರಿ 13.0 ತೋರಿಸುತ್ತಿದೆ. ಆದರೆ ಪ್ಲಸ್ ಕಡೆಯ ನಷ್ಟ 0.8ಕ್ಕೆ ಏರಿದೆ. ಏನಾದರೂ ಕೆಡಿಸಿದೆನಾ?

ಉತ್ತರ 2:
ಇಲ್ಲ, ಅದು ಒಳ್ಳೆಯ ಸುದ್ದಿ. ಅಡ್ಡಿ ಹೋಗಿದ್ದರಿಂದ ಕರೆಂಟ್ ಜಾಸ್ತಿ ಹರಿಯುತ್ತಿದೆ, ಅದಕ್ಕೇ ಆ ವೈರಿನಲ್ಲಿ ನಷ್ಟವೂ ಏರಿತು. ಉಳಿದ ತಪ್ಪು ವೈರಿನ ದಪ್ಪದ್ದು. ನಿಮ್ಮದು 2.5 ಚದರ ಮಿಲಿಮೀಟರ್ ಇರಬೇಕು. ಅಂಥ ತಾಮ್ರದ ವೈರು 8 ಮೀಟರ್ ಉದ್ದವಿದ್ದು 13 ಆಂಪಿಯರ್ ಹರಿದರೆ ಹತ್ತಿರ ಹತ್ತಿರ 0.8 ವೋಲ್ಟ್ ಅಲ್ಲೇ ಹೋಗುತ್ತದೆ. ಲೆಡ್ ಆಸಿಡ್ ಸರಿಯಾಗಿ ತುಂಬಲು ಕೊನೆಗೆ 14.4ರ ಆಸುಪಾಸು ಬೇಕು.

16 ಚದರ ಮಿಲಿಮೀಟರ್ ವೈರ್ ಎಳೆಯಿರಿ, ಪ್ಲಸ್ಸಿಗೂ ಮೈನಸ್ಸಿಗೂ. ಹಿಚ್ಚಿನ (ಗಾಡಿಗೆ ಟ್ರೇಲರ್ ಕಟ್ಟುವ ಕೊಂಡಿ) ಕಬ್ಬಿಣದ ಮೂಲಕ ಮೈನಸ್ ಹರಿಯಲು ಬಿಡಬೇಡಿ. ಪ್ಲಸ್ ವೈರಿಗೆ ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಒಂದೊಂದು ಫ್ಯೂಸು ಇರಲಿ. ಎರಡು ಕಡೆಯೂ ಬ್ಯಾಟರಿ ಇದೆ. ನಡುವೆ ವೈರ್ ಚಾಸಿಸ್ಸಿಗೆ ಉಜ್ಜಿ ಶಾರ್ಟ್ ಆದರೆ ಎರಡೂ ಕಡೆಯಿಂದ ಬೆಂಕಿ ಹತ್ತಬಹುದು. ಒಂದೇ ಫ್ಯೂಸಿನಲ್ಲಿ ಮುಗಿಸಬೇಡಿ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಗಾಡಿ ಹೊಸದಾದರೆ ಆಲ್ಟರ್ನೇಟರ್ (ಇಂಜಿನ್ನಿನಿಂದ ಕರೆಂಟ್ ತಯಾರಿಸುವ ಯಂತ್ರ) ಸ್ಮಾರ್ಟ್ ಇರಬಹುದು. ಗಾಡಿಯ ಬ್ಯಾಟರಿ ತುಂಬಿದ ಮೇಲೆ ಅದು ತಾನೇ ವೋಲ್ಟ್ ಇಳಿಸುತ್ತದೆ. ಹಾಗಾದರೆ ಎಷ್ಟು ದಪ್ಪ ವೈರ್ ಹಾಕಿದರೂ ಸಾಲದು, ಟ್ರೇಲರ್ ಬ್ಯಾಟರಿಯ ಪಕ್ಕ ಡಿಸಿ ಟು ಡಿಸಿ ಚಾರ್ಜರ್ ಬೇಕು, ಕಡಿಮೆ ವೋಲ್ಟ್ ಬಂದರೂ ಅದು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿ ಕೊಡುತ್ತದೆ. ಒಂದು ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ಅಳೆದು ನೋಡಿ.

ಪ್ರಶ್ನೆ ಕೇಳಿದವರು:
ಒಂದು ಗಂಟೆಯ ಮೇಲೂ 14.1 ಹಾಗೇ ಇದೆ ಸರ್, ಬದುಕಿದೆ. ವೈರು ಈ ವಾರ ಎಳೆಯುತ್ತೇನೆ, ಎರಡೂ ತುದಿಗೆ ಫ್ಯೂಸು ಹಾಕಿಯೇ. ನಿನ್ನೆ ಐದು ಗಂಟೆ ಓಡಿಸಿದ್ದೆ. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ 12.4, ಫ್ರಿಜ್ಜು ಗುಂಯ್ ಅಂತ ಓಡುತ್ತಿತ್ತು. ಅಮ್ಮನಿಗೆ ಹೇಳಿದೆ, ಐಸ್ ಡಬ್ಬಿ ತೆಗೆದಿಡಬಹುದು ಅಂತ.