ಉದ್ಯಾನದ ಜಾಗಕ್ಕೆ ತಡೆಯಾಜ್ಞೆ: ಸೋಮವಾರ ದಾವೆ ಹೂಡುವ ಬಗ್ಗೆ

ಕಾರ್ಯದರ್ಶಿ:
ಆತ್ಮೀಯ ನಿವಾಸಿಗಳೇ, ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ಗುರುತಿಸಿರುವ ಜಾಗದಲ್ಲಿ ನಿನ್ನೆ ಸಂಜೆ ಸುಣ್ಣದ ಗೆರೆ ಎಳೆದು, ಹೊಂಗೆ ಮರದ ಬೇರು ಕಾಣುವಷ್ಟು ಹತ್ತಿರದಲ್ಲಿ ಪಾಯ ತೋಡಿದ್ದಾರೆ. ಗೋಡೆ ಎದ್ದ ಮೇಲೆ ಕೆಡವಿಸುವುದು ಬಲು ಕಷ್ಟವಾದ್ದರಿಂದ, ಸೋಮವಾರವೇ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಅದರೊಂದಿಗೇ, ದಾವೆ ಮುಗಿಯುವವರೆಗೆ ಕೆಲಸ ನಿಲ್ಲಿಸುವ ತಾತ್ಕಾಲಿಕ ತಡೆಯಾಜ್ಞೆಗೆ ಮಧ್ಯಂತರ ಅರ್ಜಿ ಸಲ್ಲಿಸೋಣ. ಸಾರ್ವಜನಿಕ ಜಾಗದ ವಿಷಯವಾದ ಕಾರಣ, ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಮಿನಂತೆ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ವಾದಿಗಳಾಗಬಹುದು. ಸಹಿ ಹಾಕುವವರು ಇಂದೇ ತಿಳಿಸಿ.

ಎರಡನೇ ಅಡ್ಡರಸ್ತೆಯ ನಿವಾಸಿ:
ನಾನು ಸಹಿ ಹಾಕುತ್ತೇನೆ. ಎದುರು ಪಕ್ಷಕ್ಕೆ ನೋಟಿಸ್ ಹೋಗಿ ಅವರು ವಕೀಲರನ್ನು ನೇಮಿಸುವಷ್ಟರಲ್ಲಿ ಗೋಡೆ ಮುಗಿದಿರುತ್ತದೆ. ಅದೇ ದಿನ ಸ್ಟೇ ಸಿಗುವುದಿಲ್ಲವೇ?

ನಿವೃತ್ತ ಶಿರಸ್ತೇದಾರರು:
ಸಿಗಬಹುದು. ನೋಟಿಸ್ ಕೊಡುವಷ್ಟರಲ್ಲಿ ತಡೆಯಾಜ್ಞೆಯ ಉದ್ದೇಶವೇ ವಿಫಲವಾಗುತ್ತದೆಂದು ಕಂಡರೆ, ಅದೇ ಸಂಹಿತೆಯ 39ನೇ ಆದೇಶದ (ಅಧ್ಯಾಯದಂಥ ಭಾಗ) 3ನೇ ನಿಯಮದಂತೆ ನ್ಯಾಯಾಧೀಶರು ಕಾರಣ ಬರೆದು, ಎದುರು ಪಕ್ಷವನ್ನು ಕೇಳದೆಯೇ ಏಕಪಕ್ಷೀಯ ಆದೇಶ ನೀಡಬಹುದು. ಆಮೇಲಿನ ಕೆಲಸವನ್ನು ಹಲವರು ಮರೆಯುತ್ತಾರೆ: ಅರ್ಜಿ, ಪ್ರಮಾಣಪತ್ರ (ಅಫಿಡವಿಟ್), ವಾದಪತ್ರ, ದಾಖಲೆಗಳ ಪ್ರತಿಗಳನ್ನು ತಕ್ಷಣವೇ ಪ್ರತಿವಾದಿಗೆ ತಲುಪಿಸಿ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ಅದೇ ದಿನ ಅಥವಾ ಮರುದಿನ ಆ ಬಗ್ಗೆ ಪ್ರಮಾಣಪತ್ರ ಹಾಕಬೇಕು. ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥಪಡಿಸಲು ನ್ಯಾಯಾಲಯ ಪ್ರಯತ್ನಿಸಬೇಕೆಂದೂ ಸಂಹಿತೆ ಹೇಳುತ್ತದೆ. ಎದುರು ಪಕ್ಷದವರು ಈಗಾಗಲೇ ಕೇವಿಯಟ್ (ತಮಗೆ ತಿಳಿಸದೆ ಆದೇಶ ನೀಡಬಾರದೆಂದು ಮೊದಲೇ ಕೋರಿಕೊಳ್ಳುವ ಅರ್ಜಿ) ಹಾಕಿದ್ದರೆ ಮಾತ್ರ ಅವರಿಗೆ ತಿಳಿಸದೆ ಆದೇಶ ಸಿಗುವುದು ಕಷ್ಟ. ಅವರೇ ಮೊದಲು ನಮ್ಮ ವಿರುದ್ಧ ದಾವೆ ಹೂಡಿ ಆಜ್ಞೆ ತರಬಹುದಾದ್ದರಿಂದ ನಾವೂ ಕೇವಿಯಟ್ ಹಾಕುವುದೊಳ್ಳೆಯದು. ಅದು 90 ದಿನ ಊರ್ಜಿತದಲ್ಲಿರುತ್ತದೆ.

ನಾಲ್ಕನೇ ಅಡ್ಡರಸ್ತೆಯ ನಿವಾಸಿ:
ಎರಡು ವರ್ಷದ ಹಿಂದೆ ನಮ್ಮ ಸಂಘವೇ ಆ ಜಾಗದಲ್ಲಿ ಜಲ್ಲಿ, ಮರಳು ಹಾಕಿಕೊಳ್ಳಲು ಈಗ ಪಾಯ ತೋಡಿರುವವರಿಗೇ ಒಪ್ಪಿಗೆ ಪತ್ರ ಕೊಟ್ಟಿತ್ತು. ಅರ್ಜಿಯಲ್ಲಿ ಅದರ ಪ್ರಸ್ತಾಪ ಮಾಡದಿದ್ದರೆ ನಮ್ಮ ಪಕ್ಷ ಗಟ್ಟಿಯಾಗಿ ಕಾಣುವುದಿಲ್ಲವೇ?

ನಿವೃತ್ತ ಶಿರಸ್ತೇದಾರರು:
ದಯವಿಟ್ಟು ಹಾಗೆ ಮಾಡಬೇಡಿ. ಎದುರು ಪಕ್ಷವನ್ನು ಕೇಳದೆ ಆದೇಶ ಬೇಡುವವರು ತಮಗೆ ಪ್ರತಿಕೂಲವಾದ ಸಂಗತಿಯನ್ನೂ ಹೇಳಲೇಬೇಕು. ಮುಖ್ಯ ವಿಷಯದಲ್ಲಿ ತಿಳಿದೂ ಸುಳ್ಳು ಅಥವಾ ದಾರಿ ತಪ್ಪಿಸುವ ಹೇಳಿಕೆ ನೀಡಿ, ನೋಟಿಸ್ ಇಲ್ಲದೆ ಪಡೆದ ಆಜ್ಞೆಯನ್ನು ಸಾಮಾನ್ಯವಾಗಿ ರದ್ದುಪಡಿಸಬೇಕೆಂದು ಅದೇ 39ನೇ ಆದೇಶದ 4ನೇ ನಿಯಮವಿದೆ. ಪತ್ರವನ್ನು ನಾವೇ ಹಾಜರುಪಡಿಸಿ, ಅದು ಸಾಮಗ್ರಿ ಇಡಲು ಕೊಟ್ಟ ಒಪ್ಪಿಗೆಯೇ ಹೊರತು ಗೋಡೆ ಕಟ್ಟಲು ಅಲ್ಲವೆಂದು ವಿವರಿಸೋಣ.

ನ್ಯಾಯಾಲಯ ನೋಡುವುದು ಮೂರನ್ನು: ಮೇಲ್ನೋಟಕ್ಕೆ ನಮಗೆ ಪ್ರಕರಣವಿದೆಯೇ, ಅನುಕೂಲದ ತಕ್ಕಡಿ ಯಾರ ಕಡೆಗಿದೆ (ಆಜ್ಞೆ ಕೊಟ್ಟರೆ ಅಥವಾ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ), ಹಣದಿಂದ ತುಂಬಿಕೊಡಲಾಗದ ನಷ್ಟವಾಗುತ್ತದೆಯೇ. ಮೊದಲನೆಯದಕ್ಕೆ ಅನುಮೋದಿತ ನಕ್ಷೆಯೇ ಆಧಾರ. ಉದ್ಯಾನದ ಜಾಗ ಖಾಸಗಿ ಆಸ್ಪತ್ರೆಗೆ ಹಂಚಿಕೆಯಾಗಿದ್ದುದನ್ನು ಬೆಂಗಳೂರಿನ ನಿವಾಸಿಗಳು ಪ್ರಶ್ನಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಅವರ ಪರ ನಿಂತಿತು. ಅದು ನಮ್ಮಂಥ ಸಿವಿಲ್ ದಾವೆಯಲ್ಲ, ಸರ್ಕಾರಿ ಸಂಸ್ಥೆಯ ಕ್ರಮವನ್ನು ಪ್ರಶ್ನಿಸುವ ರಿಟ್ ಪ್ರಕರಣವಾದರೂ, ತೆರೆದ ಜಾಗದ ಮೌಲ್ಯದ ಬಗ್ಗೆ ಅಲ್ಲಿನ ಮಾತು ನಮಗೆ ಬಲ ನೀಡುತ್ತದೆ.

ಎರಡನೇ ಅಡ್ಡರಸ್ತೆಯ ನಿವಾಸಿ:
ಆಜ್ಞೆ ಬಂದ ಮೇಲೂ ಕಟ್ಟಿದರೆ?

ನಿವೃತ್ತ ಶಿರಸ್ತೇದಾರರು:
39ನೇ ಆದೇಶದ 2ಎ ನಿಯಮದಡಿ ಅರ್ಜಿ ಹಾಕಬಹುದು. ಆಸ್ತಿ ಜಪ್ತಿಯ ಜೊತೆಗೆ 3 ತಿಂಗಳವರೆಗೆ ಸಿವಿಲ್ ಬಂಧನಕ್ಕೂ ಅವಕಾಶವಿದೆ. ಆದರೆ ಗುಂಪುಗೂಡಿ ಪಾಯ ಮುಚ್ಚಲು ಯಾರೂ ಹೋಗಬಾರದು.

ಕಾರ್ಯದರ್ಶಿ:
ಹಾಗಾದರೆ ನಾಳೆ ಬೆಳಿಗ್ಗೆ ಪಾಯ, ಮರ, ಬೀದಿಯ ಫಲಕ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ, ದಿನಾಂಕ ಕಾಣುವ ಫೋಟೋ ತೆಗೆಯೋಣ. ಒಪ್ಪಿಗೆ ಪತ್ರದ ಪ್ರತಿ ನನ್ನ ಬಳಿ ಇದೆ. ಅದನ್ನೂ ವಕೀಲರಿಗೆ ಕೊಡುತ್ತೇನೆ.